21 ದಿನದ ಲೆಕ್ಕ ಬಿಟ್ಟುಬಿಡಿ

ದಾವಣಗೆರೆಯ ಓದುಗರೊಬ್ಬರ ಪತ್ರ: "ಬ್ಯಾಂಕಿನಲ್ಲಿ ಕೆಲಸ. ಇಬ್ಬರು ಮಕ್ಕಳ ಡಬ್ಬಿ ಕಟ್ಟಿ, ವ್ಯಾನ್ ಹತ್ತಿಸಿ, ಹತ್ತಕ್ಕೆ ಕೌಂಟರ್‌ನಲ್ಲಿ ಇರಬೇಕು. ಮಲಗೋದು ಹನ್ನೊಂದೂವರೆ. ಐದಕ್ಕೆ ಎದ್ದು ಧ್ಯಾನ, ವಾಕಿಂಗ್, ರಾತ್ರಿ ಡೈರಿ ಅಂತ 21 ದಿನದ ಚಾಲೆಂಜ್ ಶುರು ಮಾಡಿದೆ. ಒಂಬತ್ತನೇ ದಿನ ಮಗನಿಗೆ ಜ್ವರ, ತಪ್ಪಿತು. ಮತ್ತೆ ಒಂದರಿಂದ ಶುರು, ಮತ್ತೆ ತಪ್ಪಿತು. ಕೂತರೂ ಮನಸ್ಸು ನಿಲ್ಲೋದಿಲ್ಲ. ನಿನಗೆ ಶಿಸ್ತಿಲ್ಲ ಅಂತ ನಮ್ಮ ಯಜಮಾನರೂ ಹೇಳುತ್ತಾರೆ. ಏನು ಮಾಡಲಿ?"

ಮೇಡಂ, ಈ ಶಿಸ್ತಿಲ್ಲ ಅನ್ನೋ ಮಾತನ್ನು ನಾನು ಖಂಡಿತ ಒಪ್ಪೋದಿಲ್ಲ. ವರ್ಷಗಟ್ಟಲೆ ದಿನಾ ಹೊತ್ತಿಗೆ ಸರಿಯಾಗಿ ಡಬ್ಬಿ ಕಟ್ಟಿ ವ್ಯಾನ್ ಹತ್ತಿಸುವವರಿಗೇ ಶಿಸ್ತಿಲ್ಲ ಅಂದರೆ ಇನ್ಯಾರಿಗೆ ಇರುತ್ತೆ? ನಿಮ್ಮನ್ನು ಕಂಗೆಡಿಸಿದ್ದು, 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅನ್ನೋ ಆ ಲೆಕ್ಕ.

ಅದು ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಪ್ಲಾಸ್ಟಿಕ್ ಸರ್ಜನ್ ಒಬ್ಬರಿದ್ದರು. ಮುಖದ ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದರು. ಒಬ್ಬರಿಂದ ಒಬ್ಬರಿಗೆ ದಾಟುತ್ತಾ 'ಕಡಿಮೆ ಅಂದರೂ' ಅನ್ನೋದು ಉದುರಿಹೋಯಿತು. ಕೊನೆಗೆ ಯಾವ ಅಭ್ಯಾಸಕ್ಕೂ 21 ದಿನ ಸಾಕು ಅಂತಾಯಿತು.

ಇದನ್ನು ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು. 96 ಜನ, 12 ವಾರ. ಊಟದ ಜೊತೆ ನೀರು, ರಾತ್ರಿ ಊಟಕ್ಕೆ ಮುಂಚೆ ಓಟ, ಹೀಗೆ ಒಬ್ಬೊಬ್ಬರೂ ಒಂದೇ ಒಂದು ಅಭ್ಯಾಸ ಆರಿಸಿಕೊಂಡರು. ಯೋಚಿಸದೆ ತಾನಾಗೇ ಆಗುವ ಹಂತಕ್ಕೆ ಬರಲು ಸುಮಾರು 66 ದಿನ ಹಿಡಿಯಿತು, ಅದೂ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ, 12 ವಾರದ ಲೆಕ್ಕ ನೋಡಿ ಮಾಡಿದ ಅಂದಾಜಿನಂತೆ, 254 ಬೇಕಾದೀತು ಅನ್ನುವಷ್ಟು ಅಂತರ. ವ್ಯಾಯಾಮ ರೂಢಿಯಾಗೋದು ಇನ್ನೂ ನಿಧಾನ. ನಿಮಗೆ ಮುಖ್ಯವಾದ್ದು ಬೇರೆ ಇದೆ: ಮಧ್ಯೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಹಾಗಾಗಿ ಜ್ವರದ ದಿನ ನೀವು ಮಗನ ಪಕ್ಕ ಕೂತಿದ್ದು ಸರಿಯೇ. ಮಾರನೇ ದಿನ ಬಿಟ್ಟಲ್ಲಿಂದಲೇ ಮುಂದುವರಿಸಿದ್ದರೆ ಸಾಕಿತ್ತು. ದಿನ ಎಣಿಸುವ ಆ್ಯಪ್ ಸೊನ್ನೆ ತೋರಿಸಿದರೆ ತೋರಿಸಲಿ ಬಿಡಿ.

ಮೂರನ್ನೂ ಒಟ್ಟಿಗೆ ಹಿಡಿಯಬೇಡಿ, ಸದ್ಯಕ್ಕೆ ಒಂದು ಸಾಕು. ಅದನ್ನು ಈಗಾಗಲೇ ದಿನಾ ನಡೆಯುವ ಕೆಲಸಕ್ಕೆ ಗಂಟು ಹಾಕಿ: 'ವ್ಯಾನ್ ಹೊರಟ ಕೂಡಲೇ ಮೆಟ್ಟಿಲ ಮೇಲೆ ಎರಡು ನಿಮಿಷ ಕೂರುತ್ತೇನೆ.' ಸುಮ್ನೆ 'ಧ್ಯಾನ ಮಾಡಬೇಕು' ಅಂದುಕೊಳ್ಳೋದಕ್ಕಿಂತ, ಯಾವಾಗ, ಎಲ್ಲಿ ಅಂತ ಹೀಗೆ ಗೊತ್ತುಮಾಡಿಕೊಂಡದ್ದು ಜಾಸ್ತಿ ಕೈಗೂಡುತ್ತದೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ತೋರಿಸಿಕೊಟ್ಟಿದ್ದಾರೆ.

ಇನ್ನು ಮನಸ್ಸು ನಿಲ್ಲೋದಿಲ್ಲ ಅಂದಿರಿ. ಯಾರದೂ ನಿಲ್ಲೋದಿಲ್ಲ. ಓಡಿಹೋಯಿತು ಅಂತ ಗೊತ್ತಾದಾಗ, ಬೈಯದೆ ಮತ್ತೆ ಉಸಿರಿನ ಹತ್ತಿರ ಕರೆದುಕೊಂಡು ಬರೋದೇ ಅಲ್ಲಿರುವ ಕೆಲಸ. ವಾಸಿಯಾಗದ ನೋವಿನಿಂದ ಬಳಲುವವರಿಗಾಗಿ ಜಾನ್ ಕಬಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರುಮಾಡಿದ ತರಬೇತಿಯಲ್ಲಿ, ಒಂದೇ ಒಂದು ಒಣದ್ರಾಕ್ಷಿ ಕೈಗೆ ಕೊಟ್ಟು, ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನಲು ಹೇಳುತ್ತಾರೆ. ನಿಮಗೆ ಬೆಳಗಿನ ಕಾಫಿಯೇ ಸಾಕು. ಫೋನು ಮಾತ್ರ ಬೇರೆ ರೂಮಿನಲ್ಲಿರಲಿ.

ನೀವು ಕೇಳದ ಮಾತೊಂದನ್ನೂ ಹೇಳುತ್ತೇನೆ. ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುವ ಯೋಜನೆ ಬೇಡ, ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟು ಕೂತರೆ ತೂಕಡಿಕೆ ಬರುತ್ತೆ, ಧ್ಯಾನ ಬರೋದಿಲ್ಲ. ನಿಮಗೆ ಕೊರತೆ ಇರೋದು ಸಮಯದ್ದು, ಆ ಸಮಯ ಮನೆಯವರಿಂದಲೇ ಸಿಗಬೇಕು. ಈ ಉತ್ತರವನ್ನು ಯಜಮಾನರಿಗೂ ಓದಲು ಕೊಡಿ. ನಾಳೆಯಿಂದ ಒಂದು ಡಬ್ಬಿ ಅವರು ಕಟ್ಟಲಿ, ಮಕ್ಕಳಿಗೆ ಮುಂದಿನ ಸಲ ಜ್ವರ ಬಂದಾಗ ರಜೆಯನ್ನೂ ಅವರೇ ಹಾಕಲಿ.