ಬುದ್ಧಿ ಹೇಳಿದ್ದು ಸಾಕು, ಭಟ್ರ ಮಾತು ಕೇಳಿ

ಮುಂಬಯಿಯ ಮುಲುಂಡಿನ ಓದುಗರೊಬ್ಬರು ದೊಡ್ಡ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

ಅವರು ಅಲ್ಲಿನ ಒಂದು ಹೋಟೆಲಿನ ಮ್ಯಾನೇಜರ್. ಅಡುಗೆಮನೆಯ ಹಿರಿಯ ಭಟ್ರು ಕುಂದಾಪುರದ ಕಡೆಯವರು. ವಯಸ್ಸು ಐವತ್ತು ದಾಟಿದೆ, ಶುಗರ್ ಇದೆ, ಮಾತ್ರೆ ಸರಿಯಾಗಿ ತಗೊಳ್ಳುವುದಿಲ್ಲ. ಹೋದ ತಿಂಗಳು ಬೆಳಿಗ್ಗೆ ದೋಸೆ ಕಾವಲಿ ಎದುರೇ ತಲೆ ತಿರುಗಿ ಗೋಡೆ ಹಿಡಿದು ನಿಂತರಂತೆ. ಮ್ಯಾನೇಜರು ಪ್ರೀತಿಯಿಂದಲೂ ಹೇಳಿದ್ದಾರೆ, ಗದರಿಸಿಯೂ ಹೇಳಿದ್ದಾರೆ. "ನಿಮಗೇನಾದ್ರೂ ಆದ್ರೆ ಹೆಂಡ್ತಿ ಮಕ್ಕಳ ಗತಿ ಏನು ಭಟ್ರೇ?" ಎಂದೂ ಕೇಳಿದ್ದಾರೆ. ಭಟ್ರು ಒಮ್ಮೆ "ಸರಿ ಶೆಟ್ರೇ" ಅಂದರು. ಇನ್ನೊಮ್ಮೆ "ಮಾತ್ರೆ ತಗೊಂಡ್ರೆ ತಲೆ ತಿರುಗ್ತದೆ ಮಾರಾಯ್ರೇ, ಮಗಳ ಮದುವೆ ಒಂದು ಮುಗೀಲಿ, ಮತ್ತೆ ನೋಡುವ" ಅಂದರು. ಈಗ ಶೆಟ್ರು ಒಳಗೆ ಬಂದರೆ ಭಟ್ರು ಇನ್ನೊಂದು ಮೂಲೆಗೆ ಸರಿಯುತ್ತಾರೆ. ಓದುಗರ ಮಗ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸದಲ್ಲಿದ್ದಾನೆ. "ಅಪ್ಪ, ಇದಕ್ಕೆ ಮೋಟಿವೇಶನಲ್ ಇಂಟರ್ವ್ಯೂಯಿಂಗ್ ಅಂತ, ಬುದ್ಧಿ ಹೇಳದೆ ಅವರ ಮಾತನ್ನೇ ಕೇಳಿ ಮಾತಾಡಿಸುವ ಒಂದು ಕ್ರಮ ಇದೆ" ಎಂದನಂತೆ. ಅದು ಡಾಕ್ಟರುಗಳ ವಿಷಯ ಅಲ್ವಾ, ಹೋಟೆಲಿನಲ್ಲಿ ನಡೆಯುತ್ತದಾ, ಮಾತಲ್ಲೇ ಮನುಷ್ಯನನ್ನು ಬಗ್ಗಿಸುವ ಉಪಾಯವಾ ಅದು? ಇವು ಅವರ ಪ್ರಶ್ನೆಗಳು.

ಪ್ರಿಯ ಓದುಗರೇ,

ಪತ್ರವನ್ನು ಎರಡು ಸಲ ಓದಿದೆ. ನೀವು ಭಟ್ರಿಗೆ ಹೇಳಿದ ಮಾತುಗಳನ್ನೆಲ್ಲ ವಿವರವಾಗಿ ಬರೆದಿದ್ದೀರಿ. ಭಟ್ರು ಹೇಳಿದ್ದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಆ ಸಾಲಿನ ಹತ್ತಿರವೇ ನಿಲ್ಲಬೇಕು ಅನಿಸಿತು. ಮಾತ್ರೆ ತಗೊಂಡರೆ ತಲೆ ತಿರುಗುತ್ತದೆ ಎಂದು ಅವರು ಹೇಳಿದ್ದಾರೆ. ಅದನ್ನು ನೀವು ನೆಪ ಅಂದುಕೊಂಡಿರಿ. ನೆಪ ಅಲ್ಲದೆಯೂ ಇರಬಹುದು.

ಶುಗರ್ ಮಾತ್ರೆಗಳಲ್ಲಿ ಹಲವು ಬಗೆ. ಗ್ಲಿಮೆಪಿರೈಡ್‌ನಂಥ ಕೆಲವು, ದೇಹದಲ್ಲಿ ಇನ್ಸುಲಿನ್ ಜಾಸ್ತಿ ಬರುವಂತೆ ಮಾಡುತ್ತವೆ. ಅಂಥದ್ದನ್ನು ನುಂಗಿ ಹೊಟ್ಟೆಗೆ ಏನೂ ಹಾಕದೆ ಕೆಲಸಕ್ಕೆ ನಿಂತರೆ ರಕ್ತದ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಆಗ ಬೆವರು, ಕೈನಡುಕ, ತಲೆಸುತ್ತು ಬರುತ್ತದೆ. ನಿಮ್ಮ ಭಟ್ರು ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚುತ್ತಾರೆ, ತಿಂಡಿಯ ಗಲಾಟೆ ಮುಗಿದು ಹನ್ನೊಂದಕ್ಕೆ ಊಟ ಮಾಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಆದರೆ "ಯಾವಾಗ ತಗೊಳ್ತೀರಿ ಭಟ್ರೇ, ಆಮೇಲೆ ಏನಾಗ್ತದೆ?" ಎಂದು ಯಾರಾದರೂ ಕೇಳಿದ್ದರೆ ಈ ಮಾತು ಅಂದೇ ಹೊರಗೆ ಬರುತ್ತಿತ್ತು. ಬುದ್ಧಿ ಹೇಳುವ ಅವಸರದಲ್ಲಿ ನಾವು ಕಳೆದುಕೊಳ್ಳುವುದು ಇಂಥ ಸುದ್ದಿಯನ್ನೇ.

ಈಗ ನಿಮ್ಮ ಮಗ ಹೇಳಿದ ವಿಷಯಕ್ಕೆ ಬರೋಣ. ಇದು ಶುರುವಾದದ್ದು ಕುಡಿತದ ಚಟ ಇದ್ದವರ ಚಿಕಿತ್ಸೆಯಲ್ಲಿ. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1982ರಲ್ಲಿ ನಾರ್ವೆಯ ಬರ್ಗನ್ ಊರಿಗೆ ಹೋಗಿದ್ದರು. ಅಲ್ಲಿನ ಕಿರಿಯ ಮನಶ್ಶಾಸ್ತ್ರಜ್ಞರು ರೋಗಿಯ ಪಾತ್ರ ಮಾಡಿ ಇವರಿಂದ ಮಾತಾಡಿಸುತ್ತಿದ್ದರು. ನಡುನಡುವೆ ತಡೆದು, ಈ ಪ್ರಶ್ನೆಯನ್ನೇ ಯಾಕೆ ಕೇಳಿದಿರಿ, ಆ ಮಾತನ್ನೇ ಯಾಕೆ ಹಿಡಿದುಕೊಂಡಿರಿ ಎಂದು ವಿಚಾರಿಸುತ್ತಿದ್ದರು. ಉತ್ತರ ಕೊಡುತ್ತಾ ಹೋದಂತೆ ಮಿಲ್ಲರ್ ಅವರಿಗೆ ತಾವು ಮಾಡುತ್ತಿದ್ದ ಕೆಲಸದ ಕ್ರಮ ಸ್ಪಷ್ಟವಾಯಿತು. 1983ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದರು. ಮುಂದೆ ವೇಲ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ರೋಲ್ನಿಕ್ ಜೊತೆಯಾದರು. 1991ರಲ್ಲಿ ಇಬ್ಬರೂ ಸೇರಿ ಇದರ ಮೊದಲ ಪುಸ್ತಕ ತಂದರು.

ಆ ಕಾಲಕ್ಕೆ ಅಮೆರಿಕದಲ್ಲಿ ಕುಡುಕರನ್ನು ಎದುರು ಕೂರಿಸಿ, ಬೈದು, ತಪ್ಪು ಒಪ್ಪಿಸುವ ಪದ್ಧತಿ ಜೋರಾಗಿತ್ತು. ಮಿಲ್ಲರ್ ಮತ್ತು ಜೊತೆಗಾರರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆ ಕೊಡುವವರು ಎಷ್ಟು ಎದುರುಬಿದ್ದು ವಾದ ಮಾಡಿದ್ದರೋ, ಒಂದು ವರ್ಷದ ನಂತರ ಆ ವ್ಯಕ್ತಿ ಅಷ್ಟೇ ಜಾಸ್ತಿ ಕುಡಿಯುತ್ತಿದ್ದ ಎಂದು ಅದರಲ್ಲಿ ಕಂಡುಬಂತು. ಈಗ ಈ ಕ್ರಮ ಬೀಡಿ ಸಿಗರೇಟು ಬಿಡುವುದಕ್ಕೆ, ಶುಗರ್ ಬಿಪಿ ಇದ್ದವರು ಮಾತ್ರೆ ಪಥ್ಯ ಹಿಡಿಯುವುದಕ್ಕೆ, ಹೀಗೆ ಎಷ್ಟೋ ಕಡೆ ಬಳಕೆಯಲ್ಲಿದೆ. ಎಲ್ಲರಿಗೂ ಫಲ ಒಂದೇ ಸಮ ಸಿಗುವುದಿಲ್ಲ. ಒಂದು ದಿನದ ತರಬೇತಿಗೆ ಹೋಗಿ ಬಂದ ಮಾತ್ರಕ್ಕೆ ಯಾರಿಗೂ ಇದು ಕೈಗೆ ಹತ್ತುವುದೂ ಇಲ್ಲ.

ಇದರ ತಿರುಳು ಇಷ್ಟೇ. ಅಭ್ಯಾಸ ಬದಲಿಸಬೇಕಾದ ಮನುಷ್ಯನಿಗೆ ಸಾಮಾನ್ಯವಾಗಿ ಎರಡು ಮನಸ್ಸು ಇರುತ್ತದೆ. ಮಾತ್ರೆ ತಗೊಳ್ಳಬೇಕು ಎಂದು ಭಟ್ರಿಗೂ ಗೊತ್ತು. ಬೇಡ ಅನ್ನುವುದಕ್ಕೂ ಅವರ ಹತ್ತಿರ ಕಾರಣ ಇದೆ. ನೀವು ಹೋಗಿ "ತಗೊಳ್ಳಬೇಕು" ಎಂಬ ಪಕ್ಷವನ್ನು ಪೂರ್ತಿ ಹಿಡಿದುಬಿಟ್ಟರೆ, ಅವರ ಪಾಲಿಗೆ ಉಳಿಯುವುದು "ಬೇಡ" ಮಾತ್ರ. ಹೆಂಡತಿ ಮಕ್ಕಳ ಗತಿ ಏನು ಎಂಬ ನಿಮ್ಮ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಎದುರಿನವರು ಏನು ಉತ್ತರ ಕೊಡಬೇಕು ಹೇಳಿ. ಒಂದೋ ತಲೆ ತಗ್ಗಿಸಬೇಕು, ಇಲ್ಲ "ನಮ್ಮಪ್ಪ ಒಂದು ಮಾತ್ರೆ ನುಂಗದೆ ಎಪ್ಪತ್ತೈದು ವರ್ಷ ಬದುಕಿದ್ರು" ಅನ್ನಬೇಕು. ತನ್ನ ಬಾಯಿಂದಲೇ ಬಂದ ಮಾತನ್ನು ಮನುಷ್ಯ ಜಾಸ್ತಿ ನಂಬುತ್ತಾನೆ. ಹಾಗಾಗಿ ಪ್ರತಿ ಸಲ ನೀವು ವಾದಿಸಿದಾಗಲೂ ಭಟ್ರು ಮಾತ್ರೆ ಬೇಡ ಎಂಬುದನ್ನು ತಮಗೆ ತಾವೇ ಇನ್ನಷ್ಟು ಗಟ್ಟಿ ಮಾಡಿಕೊಳ್ಳುತ್ತಾರೆ. ಬೇಕು ಎಂಬ ಮಾತು ಅವರ ಬಾಯಿಂದಲೇ ಬರುವ ಹಾಗೆ ಕೇಳುವುದು, ಬಂದಾಗ ಅದನ್ನು ಗುರುತಿಸುವುದು, ಇದೇ ಕೌಶಲ.

ಆ ಮಾತು ನಿಮ್ಮ ಪತ್ರದಲ್ಲಿ ಆಗಲೇ ಬಂದಿದೆ. ಮಗಳ ಮದುವೆ! "ಮದುವೆ ಮುಗೀಲಿ, ಮತ್ತೆ ನೋಡುವ" ಎಂದರೆ ಮುಂದೂಡುವ ಮಾತು ಅನಿಸುತ್ತದೆ, ನಿಜ. ಆದರೆ ಆ ಮದುವೆಯ ದಿನ ಇವರು ಗಟ್ಟಿಯಾಗಿ ನಿಂತಿರಬೇಕು ಎಂಬ ಆಸೆಯೂ ಅದರ ಒಳಗೇ ಇದೆ. "ಮದುವೆಗೆ ಇನ್ನೂ ಟೈಮ್ ಇದೆ ಭಟ್ರೇ, ಅಲ್ಲಿ ತನಕ ಕಾಯ್ತೀರಾ?" ಎಂದರೆ ಮತ್ತೆ ಜಗಳ. "ಮಗಳ ಮದುವೆ ಹೊತ್ತಿಗೆ ನಿಮಗೆ ಏನೂ ತೊಂದರೆ ಆಗಬಾರದು ಅಂತ ನಿಮ್ಮ ಮನಸ್ಸಲ್ಲಿದೆ" ಎಂದು ಹೇಳಿ ನೋಡಿ. ಪ್ರಶ್ನೆಯ ಹಾಗೆ ಕೊನೆಯಲ್ಲಿ ದನಿ ಏರಿಸಬೇಡಿ. ಸುಮ್ನೆ ಹೇಳಿ ನಿಲ್ಲಿಸಿ. ಕಾಯಿರಿ. ತಪ್ಪಾಗಿದ್ದರೆ ಅವರೇ ತಿದ್ದುತ್ತಾರೆ. ಸರಿಯಾಗಿದ್ದರೆ ಮುಂದಿನ ಮಾತು ಅವರೇ ಆಡುತ್ತಾರೆ. ಹೀಗೆ ಕೇಳಿದ್ದನ್ನು ಅರ್ಥದೊಡನೆ ತಿರುಗಿ ಹೇಳುವುದು ಈ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯ. ಒಂದು ಪ್ರಶ್ನೆ ಕೇಳಿದರೆ ಎರಡು ಸಲವಾದರೂ ಹೀಗೆ ತಿರುಗಿ ಹೇಳಬೇಕು ಎಂದು ಕಲಿಸುವವರು ಹೇಳುತ್ತಾರೆ. ನಮಗೆ ಅಭ್ಯಾಸ ಇರುವುದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವುದು. ಅದು ಪೊಲೀಸರ ವಿಚಾರಣೆ ಹಾಗೆ ಕೇಳಿಸುತ್ತದೆ.

ಎಲ್ಲಿ, ಯಾವಾಗ ಮಾತಾಡಬೇಕು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗಲ್ಲಾಪೆಟ್ಟಿಗೆಯ ಹತ್ತಿರ ಬೇಡ, ಹುಡುಗರ ಎದುರು ಖಂಡಿತ ಬೇಡ. ಊಟದ ಹೊತ್ತು ಮುಗಿದು ಸಂಜೆ ತಿಂಡಿ ಶುರುವಾಗುವ ಮುಂಚೆ, ಮೂರೂವರೆ ಸುಮಾರಿಗೆ ಒಂದಿಷ್ಟು ಬಿಡುವು ಇರುತ್ತದಲ್ಲ, ಆಗ ಹಿಂಬಾಗಿಲ ಹತ್ತಿರ ಕೂತುಕೊಳ್ಳಿ. ಎರಡು ಕಟಿಂಗ್ ಚಹಾ ತರಿಸಿ. "ಭಟ್ರಿಗೆ ಸಕ್ಕರೆ ಹಾಕ್ಬೇಡ" ಎಂದು ಹುಡುಗನಿಗೆ ನೀವು ಹೇಳಬೇಡಿ. ಹೇಳಬೇಕೆಂದು ನಾಲಿಗೆ ತುದಿಗೆ ಬರುತ್ತದೆ, ನನಗೆ ಗೊತ್ತು. ಅಲ್ಲಿ ನೀವು ತಡೆದುಕೊಂಡರೆ ಮುಂದಿನ ಮಾತು ಅರ್ಧ ಸುಲಭವಾದ ಹಾಗೆ.

ಮೊದಲು ಕೇಳಿ: "ನಿಮ್ಮ ಆರೋಗ್ಯದ ವಿಷಯ ಸ್ವಲ್ಪ ಮಾತಾಡಬಹುದಾ ಭಟ್ರೇ? ಬೇಡ ಅಂದ್ರೆ ಬೇಡ." ಒಪ್ಪಿದರೆ, ಮಾತ್ರೆಯಿಂದ ಆಗುವ ತೊಂದರೆಯನ್ನೇ ಮೊದಲು ಹೇಳಿಸಿ. ಅದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ, ತಗೊಂಡರೆ ಏನಾದರೂ ಒಳ್ಳೆಯದು ಇದೆ ಅನಿಸುತ್ತದಾ ಎಂದು ಕೇಳಿ. ನಿಮ್ಮ ಹತ್ತಿರ ಹೇಳುವ ಮಾಹಿತಿ ಇದ್ದರೆ, ಖಾಲಿ ಹೊಟ್ಟೆಯ ವಿಷಯ ಇದೆಯಲ್ಲ ಅಂಥದ್ದು, "ನಾನು ಒಂದು ವಿಷಯ ಓದಿದೆ, ಹೇಳ್ಲಾ?" ಎಂದು ಕೇಳಿ, ಎರಡು ವಾಕ್ಯದಲ್ಲಿ ಹೇಳಿ, "ನಿಮಗೆ ಏನನಿಸ್ತದೆ?" ಎಂದು ಮತ್ತೆ ಅವರಿಗೇ ಬಿಡಿ. ಅಷ್ಟು ವರ್ಷ ಒಂದು ದಿನ ದೋಸೆ ಹಿಟ್ಟು ಕೆಡದ ಹಾಗೆ ಅಡುಗೆಮನೆ ನಡೆಸಿದವರು ಅವರು. ಆ ಶಿಸ್ತು ನೀವು ಕಣ್ಣಾರೆ ಕಂಡದ್ದು, ಅದನ್ನು ಬಾಯಿಬಿಟ್ಟು ಹೇಳಿ. ಸುಮ್ಮನೆ ಹೊಗಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ ನನಗೆ ತುಂಬಾ ಇಷ್ಟ. "ಸೊನ್ನೆಯಿಂದ ಹತ್ತರೊಳಗೆ, ಮಾತ್ರೆ ಸರಿಯಾಗಿ ತಗೊಳ್ಳೋದು ನಿಮಗೆ ಎಷ್ಟು ಮುಖ್ಯ?" ನಾಲ್ಕು ಎಂದರೆ, "ಯಾಕೆ ಎಂಟಲ್ಲ?" ಎಂದು ಕೇಳಬೇಡಿ. ಕೇಳಿದರೆ ಬೇಡ ಅನ್ನುವುದಕ್ಕೆ ಕಾರಣಗಳ ಪಟ್ಟಿ ಸಿಗುತ್ತದೆ. "ನಾಲ್ಕು ಅಂದ್ರಲ್ಲ, ಒಂದು ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿ. ಉತ್ತರ ಕೊಡಬೇಕಾದರೆ ತನಗೆ ಅದು ಯಾಕೆ ಬೇಕು ಎಂದು ಅವರೇ ಹೇಳಬೇಕಾಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆ ದೊಡ್ಡದು. ಇದು ಮಾತಲ್ಲಿ ಬಗ್ಗಿಸುವ ಉಪಾಯವಾ? ಬೇಕೆಂದರೆ ಹಾಗೂ ಬಳಸಬಹುದು, ಅಪಾಯ ಇರುವುದೇ ಅಲ್ಲಿ. ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಮಿಲ್ಲರ್ ಮತ್ತು ರೋಲ್ನಿಕ್ ಕರುಣೆಯನ್ನೂ ಇದರ ಮೂಲಗುಣಗಳಲ್ಲಿ ಸೇರಿಸಿದರು. ಎದುರಿನವರ ಹಿತಕ್ಕೆ ಮಾತ್ರ ಈ ಕೌಶಲ ಸಲ್ಲಬೇಕು, ನಮ್ಮ ಲಾಭಕ್ಕಲ್ಲ ಎಂಬುದು ಅದರ ಅರ್ಥ. ರಜೆ ಇಲ್ಲದೆ ಡಬಲ್ ಡ್ಯೂಟಿಗೆ ಒಪ್ಪಿಸಲು, ಸಂಬಳ ತಡವಾದದ್ದನ್ನು ಸಹಿಸಿಕೊಳ್ಳುವಂತೆ ಮಾಡಲು ಈ ಮಾತುಗಾರಿಕೆ ಬಳಸುವ ಮ್ಯಾನೇಜರು ಅನ್ಯಾಯ ಮಾಡುತ್ತಾನೆ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ನೀವು ಭಟ್ರ ಸ್ನೇಹಿತರಷ್ಟೇ ಆಗಿದ್ದರೆ ಸುಲಭವಿತ್ತು. ಅವರ ರಜೆಗೆ ಹೂಂ ಅನ್ನುವವರು ನೀವು, ಸಂಬಳ ಬರುವುದು ನಿಮ್ಮ ಕೈಯಿಂದ. ಅದಕ್ಕೇ ಅವರು ಮೂಲೆಗೆ ಸರಿಯುವುದು. ಕಾಯಿಲೆ ಇದೆ ಎಂದು ಒಪ್ಪಿಕೊಂಡರೆ ಊರಿಗೆ ಕಳಿಸಿಬಿಡುತ್ತಾರೆ ಎಂಬ ಭಯ ಮುಂಬಯಿಯ ಹೋಟೆಲಿನಲ್ಲಿ ಬೆಳೆದ ಯಾರಿಗಾದರೂ ಇದ್ದೇ ಇರುತ್ತದೆ. ಹಾಗಾಗಿ "ಈ ಮಾತಿಗೂ ನಿಮ್ಮ ಕೆಲಸಕ್ಕೂ ಸಂಬಂಧ ಇಲ್ಲ" ಎಂದು ಮೊದಲೇ ಹೇಳಿ. ಅದು ನಿಜವಾಗಿದ್ದರೆ ಮಾತ್ರ ಹೇಳಿ. ಮಾಲೀಕರು ಬೇರೆ ಭಟ್ರನ್ನು ಹುಡುಕಲು ಹೇಳಿದ್ದರೆ ಅದನ್ನು ಮುಚ್ಚಿಟ್ಟು ಈ ಮಾತುಕತೆ ಮಾಡಬೇಡಿ. ಭಟ್ರು ಹೇಳಿದ್ದು ನಿಮ್ಮಲ್ಲೇ ಇರಲಿ. ಹುಡುಗರೆಲ್ಲ ಒಂದೇ ಕಡೆಯವರು. ಮಧ್ಯಾಹ್ನ ಇಲ್ಲಿ ಆಡಿದ್ದು ಸಂಜೆಯೊಳಗೆ ಫೋನಿನಲ್ಲಿ ಕುಂದಾಪುರ ಮುಟ್ಟುತ್ತದೆ. ಮದುವೆ ಮಾತುಕತೆ ನಡೆಯುತ್ತಿರುವ ಮನೆಗೆ ಅದು ಚಿಕ್ಕ ವಿಷಯ ಅಲ್ಲ.

ಹಾಗೆಂದು ಎಲ್ಲವನ್ನೂ ಅವರ ಇಷ್ಟಕ್ಕೆ ಬಿಡಲು ಬರುವುದಿಲ್ಲ. ಕಾದ ಕಾವಲಿ, ಕುದಿಯುವ ಎಣ್ಣೆಯ ಎದುರು ತಲೆ ತಿರುಗುವುದು ಸುರಕ್ಷೆಯ ಪ್ರಶ್ನೆ. ಅದನ್ನು ಬೇರೆಯಾಗಿ, ನೇರವಾಗಿ ಹೇಳಿ: "ತಲೆ ತಿರುಗಿದ ಹಾಗಾದ್ರೆ ಗ್ಯಾಸ್ ಆಫ್ ಮಾಡಿ ಕೂತ್ಕೊಳ್ಳಿ, ಅಲ್ಲಿ ಇನ್ನೊಬ್ಬ ನಿಲ್ತಾನೆ." ಇದರಲ್ಲಿ ಚರ್ಚೆ ಬೇಡ. ಬೆವರು, ನಡುಕ ಕಂಡರೆ ಆಗ ಉಪದೇಶವೂ ಬೇಡ, ಮೋಟಿವೇಶನಲ್ ಇಂಟರ್ವ್ಯೂಯಿಂಗೂ ಬೇಡ. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ನೋಡಿ, ಕಡಿಮೆ ಆಗದಿದ್ದರೆ ಇನ್ನೊಮ್ಮೆ ಕೊಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಈ ಮಾತನ್ನು ಅಡುಗೆಮನೆಯ ಹುಡುಗರಿಗೂ ಕಲಿಸಿ.

ಭಟ್ರು "ಬೇಡ, ಈ ವಿಷಯ ಬಿಡಿ" ಅಂದರೆ? ಬಿಡಿ. "ಆಯ್ತು, ಯಾವಾಗಾದ್ರೂ ಹೇಳ್ಬೇಕು ಅನಿಸಿದ್ರೆ ನಾನಿದ್ದೇನೆ" ಎಂದು ಎದ್ದು ಹೋಗಿ. ಮತ್ತೆ ಮರುದಿನವೇ ಕೆದಕಬೇಡಿ. ಒಂದು ವೇಳೆ ಮಾತಿನಲ್ಲಿ ಸಾಲದ ಚಿಂತೆ, ನಿದ್ದೆ ಬಾರದ ರಾತ್ರಿಗಳು, ಬದುಕೇ ಸಾಕು ಅನ್ನುವಂಥದ್ದು ಹೊರಗೆ ಬಂದರೆ ಅದು ನಿಮ್ಮ ಕೈಮೀರಿದ್ದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಒಪ್ಪಿದರೆ, ಮುಂದೇನು ಮಾಡೋಣ ಎಂಬುದನ್ನೂ ಅವರ ಬಾಯಿಂದಲೇ ಕೇಳಿ. ಡಾಕ್ಟರ ಹತ್ತಿರ ಹೋಗುವುದಾದರೆ ಯಾವ ದಿನ, ಜೊತೆಗೆ ಯಾರು, ಆ ಹೊತ್ತಿಗೆ ಕಾವಲಿ ಯಾರು ನೋಡಿಕೊಳ್ಳುತ್ತಾರೆ. ಮಾತ್ರೆಯನ್ನು ತಾವಾಗೇ ನಿಲ್ಲಿಸುವುದು, ಅರ್ಧ ಮಾಡುವುದು ಬೇಡ, ತಲೆಸುತ್ತಿನ ವಿಷಯ ಡಾಕ್ಟರಿಗೆ ಹೇಳಲಿ. ಹೊತ್ತು ಅಥವಾ ಮಾತ್ರೆ ಬದಲಿಸುವುದು ಅವರ ಕೆಲಸ. ಒಂದು ತಿಂಗಳು ಊರಿಗೆ ಕಳಿಸಲಾ ಎಂದು ನನ್ನನ್ನು ಕೇಳಿದ್ದೀರಿ. ಆ ಪ್ರಶ್ನೆ ಭಟ್ರಿಗೆ ಕೇಳಬೇಕಾದದ್ದು.

ನಿಮ್ಮ ಕೈಯಲ್ಲೇ ಇರುವುದು ಒಂದಿದೆ. ಐದಕ್ಕೆ ಒಲೆ ಹಚ್ಚಿದವರು ಹನ್ನೊಂದರ ತನಕ ಉಪವಾಸ ಇರಬೇಕಾದ ನಿಯಮ ಯಾರು ಮಾಡಿದ್ದು? ಏಳರ ಹೊತ್ತಿಗೆ ಒಬ್ಬೊಬ್ಬರಾಗಿ ಹತ್ತು ನಿಮಿಷ ಕೂತು ತಿಂಡಿ ತಿನ್ನುವ ಹಾಗೆ ಡ್ಯೂಟಿ ಬದಲಿಸಿ. ಅಡುಗೆಮನೆಯ ಎಲ್ಲರಿಗೂ ಬದಲಿಸಿ, ಭಟ್ರೊಬ್ಬರಿಗೇ ಬೇಡ, ಅವರಿಗೆ ಮುಜುಗರವಾಗುತ್ತದೆ. ಇದಕ್ಕೆ ಅವರ ಮನಸ್ಸು ಬದಲಾಗುವ ತನಕ ಕಾಯಬೇಕಿಲ್ಲ, ಮಾಲೀಕರನ್ನು ಇವತ್ತೇ ಕೇಳಬಹುದು.

ಸಂಪಾದಕ