ಟೋಪಿಯ ಮೇಲಿನ ಹುಲಿ, ಆನೆ

ಓದುಗರ ಪತ್ರ: ನನ್ನ ತವರು ಚಿಕ್ಕಬಳ್ಳಾಪುರ. ಗಂಡ ಐರ್ಲೆಂಡಿನವರು, ನಾವಿರುವುದು ಡಬ್ಲಿನ್‌ನಲ್ಲಿ. ಅತ್ತೆಯ ಮನೆಯ ಅಟ್ಟದಲ್ಲಿ ಒಂದು ಬಿಸ್ಕತ್ ಡಬ್ಬ ಸಿಕ್ಕಿತು. ಒಳಗೆ ಮೂರು ಪದಕ, ಟೋಪಿಯ ಬ್ಯಾಡ್ಜ್, ಯೂನಿಫಾರ್ಮ್ ತೊಟ್ಟ ಹುಡುಗನ ಒಂದು ಫೋಟೋ. ಅತ್ತೆಯ ಅಜ್ಜನಂತೆ. ಮೊದಲ ಮಹಾಯುದ್ಧದಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ರೆಜಿಮೆಂಟಿನಲ್ಲಿದ್ದರಂತೆ. "ನಮ್ಮನೇಲಿ ಆ ವಿಷಯ ಎತ್ತುತ್ತಿರಲಿಲ್ಲ" ಎಂದಷ್ಟೇ ಹೇಳಿ ಅತ್ತೆ ಡಬ್ಬ ಮುಚ್ಚಿದರು. ಐರ್ಲೆಂಡಿನ ಸೈನಿಕನ ಟೋಪಿಯಲ್ಲಿ ಹುಲಿ, ಆನೆ ಯಾಕಿವೆ ಅಂತ ಮಗ ಕೇಳುತ್ತಿದ್ದಾನೆ. ನನ್ನ ಪ್ರಶ್ನೆ ಬೇರೆ. ಬ್ರಿಟಿಷರ ಪರ ಬಂದೂಕು ಹಿಡಿದವರ ಫೋಟೋ ಗೋಡೆಗೆ ಹಾಕಬಹುದಾ?

ಸಂಪಾದಕರ ಉತ್ತರ:

ಮೊದಲು ಮಗನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಿಮ್ಮ ತವರಿಗೇ ಬಂದು ನಿಲ್ಲುತ್ತೀರಿ.

ಈ ರೆಜಿಮೆಂಟಿಗೆ ಡಬ್ಲಿನ್ ಹೆಸರು ಬಂದದ್ದು 1881ರಲ್ಲಿ. ಅದಕ್ಕೂ ಮುಂಚೆ ಇದು ಎರಡು ಪಡೆಗಳಾಗಿತ್ತು. ಎರಡೂ ಈಸ್ಟ್ ಇಂಡಿಯಾ ಕಂಪನಿಯ ಬಿಳಿ ಸೈನಿಕರ ಪಡೆಗಳು. ಒಂದು ಮದರಾಸಿನದು, ಇನ್ನೊಂದು ಬೊಂಬಾಯಿಯದು. ಹುಲಿ, ಆನೆ ಟೋಪಿ ಹತ್ತಿದ್ದು ಇಲ್ಲಿಂದಲೇ. ಆ ಎರಡು ಪಡೆಗಳು ಕಾದಾಡಿದ ಯುದ್ಧಗಳ ಪಟ್ಟಿ ಓದಿದರೆ ನಮ್ಮ ಶಾಲೆಯ ಇತಿಹಾಸದ ಪಾಠ ಓದಿದ ಹಾಗಾಗುತ್ತದೆ: ಆರ್ಕಾಟ್, ಪ್ಲಾಸಿ, ಮೈಸೂರು, ಶ್ರೀರಂಗಪಟ್ಟಣ. ನಡುವೆ ಒಂದು ಹೆಸರು 'ನಂದಿ ದ್ರೂಗ್'. ಹೌದು, ನಿಮ್ಮ ನಂದಿ ಬೆಟ್ಟವೇ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಆ ಕೋಟೆಯನ್ನು ಹಿಡಿಯಿತು. ಅದರಲ್ಲಿ ಮದರಾಸಿನ ಈ ಪಡೆ ಇತ್ತು. ಭಾನುವಾರ ಬೆಳಗ್ಗೆ ಮಂಜು ನೋಡಲು ಬೈಕಿನಲ್ಲಿ ಹೋಗುತ್ತಾರಲ್ಲ, ಅದೇ ಬೆಟ್ಟ. ನಿಮ್ಮ ಮಗನಿಗೆ ಅಮ್ಮನ ಊರೂ ಅಜ್ಜಿಯ ಅಜ್ಜನೂ ಒಂದೇ ಪಟ್ಟಿಯಲ್ಲಿ ಸಿಗುತ್ತಾರೆ.

ಆದರೆ ಇದೇ ಪಡೆಯ ಇನ್ನೊಂದು ಹೆಸರನ್ನು ನಾನು ಮುಚ್ಚಿಡಲಾರೆ. ಇದರ ಮೊದಲ ಬೆಟಾಲಿಯನ್‌ಗೆ 'ನೀಲಿ ಟೋಪಿಗಳು' ಎಂಬ ಅಡ್ಡಹೆಸರಿತ್ತು. ಅದು 1857ರದ್ದು. ಆಗ ಅದರ ನಾಯಕ ನೀಲ್. ಅಲಹಾಬಾದ್, ಕಾನ್ಪುರಗಳಲ್ಲಿ ಅವನು ನಡೆಸಿದ ಕ್ರೌರ್ಯ ಇವತ್ತಿಗೂ ಓದಲಾಗದಷ್ಟು ಕೆಟ್ಟದ್ದು. ಮದರಾಸಿನ ಮೌಂಟ್ ರೋಡಿನಲ್ಲಿ ಅವನ ಪ್ರತಿಮೆ ಇತ್ತು. ಅದನ್ನು ತೆಗೆಯಬೇಕೆಂದು 1927ರಲ್ಲಿ ಸತ್ಯಾಗ್ರಹವೇ ನಡೆಯಿತು. 1937ರಲ್ಲಿ ರಾಜಾಜಿ ಸರ್ಕಾರ ಅದನ್ನು ಮ್ಯೂಸಿಯಂ ಸೇರಿಸಿತು. ಇದು ಆ ಹುಡುಗನ ತಪ್ಪಲ್ಲ ಬಿಡಿ. ಅವರು ಹುಟ್ಟುವ ಮುಂಚಿನ ಮಾತು. ಆದರೂ ಬ್ಯಾಡ್ಜ್ ಜೊತೆ ಈ ಕಥೆಯೂ ಬರುತ್ತದೆ. ಮಗ ದೊಡ್ಡವನಾದ ಮೇಲೆ ಹೇಳಿ.

ಇನ್ನು ಅತ್ತೆಯ ಮೌನ. ಅದು ಅವರೊಬ್ಬರ ಮನೆಯದಲ್ಲ. ಬಿಡುವಿದ್ದಾಗ ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕಿಗೆ ಒಮ್ಮೆ ಹೋಗಿ ಬನ್ನಿ. ಗ್ರಾಫ್ಟನ್ ಬೀದಿ ಕಡೆಯ ಮೂಲೆಯಲ್ಲಿ ಒಂದು ಕಲ್ಲಿನ ಕಮಾನಿದೆ. ನೀವು ಅದರ ಕೆಳಗೆ ನೂರು ಸಲ ಓಡಾಡಿರುತ್ತೀರಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸತ್ತ ಈ ರೆಜಿಮೆಂಟಿನವರ ನೆನಪಿಗೆ 1907ರಲ್ಲಿ ಕಟ್ಟಿದ್ದು. ತಲೆ ಎತ್ತಿ ನೋಡಿದರೆ ಹೆಸರುಗಳು ಕಾಣುತ್ತವೆ. ಊರಿನ ರಾಷ್ಟ್ರವಾದಿಗಳು ಅದಕ್ಕೆ ಇಟ್ಟ ಹೆಸರು 'ದ್ರೋಹಿಗಳ ಬಾಗಿಲು'. ಬ್ರಿಟಿಷರ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ಬಂಡಾಯದಲ್ಲಿ ಬಂಡಾಯಗಾರರು ಇದೇ ಪಾರ್ಕಿನಲ್ಲಿ ಕಂದಕ ತೋಡಿ ಕೂತಿದ್ದರು. ಆಗ ಬಿದ್ದ ಗುಂಡಿನ ಗುರುತು ಇನ್ನೂ ಆ ಕಲ್ಲಿನ ಮೇಲಿದೆ. ಬಂಡಾಯವನ್ನು ಹತ್ತಿಕ್ಕಲು ಡಬ್ಲಿನ್ ಬೀದಿಗೆ ಇಳಿಸಿದವರಲ್ಲಿ ಡಬ್ಲಿನ್ ಫ್ಯುಸಿಲಿಯರ್ಸ್‌ನ ಹತ್ತನೇ ಬೆಟಾಲಿಯನ್ನೂ ಇತ್ತು. ಅದೇ ವಾರ ಫ್ರಾನ್ಸಿನ ಹುಲ್ಲುಕ್‌ನಲ್ಲಿ ಇದೇ ರೆಜಿಮೆಂಟಿನ ಬೇರೆ ಬೆಟಾಲಿಯನ್‌ಗಳು ವಿಷದ ಗಾಳಿಗೆ ಸಿಕ್ಕಿ ಸಾಯುತ್ತಿದ್ದವು.

ಮೇ ತಿಂಗಳಲ್ಲಿ ಬ್ರಿಟಿಷರು ಬಂಡಾಯದ ಮುಂದಾಳುಗಳನ್ನು ಸಾಲಾಗಿ ಗುಂಡಿಟ್ಟು ಕೊಂದರು. ಊರಿನ ಮನಸ್ಸು ತಿರುಗಿತು. ಹೋಗುವಾಗ ಜೈಕಾರ ಹಾಕಿಸಿಕೊಂಡವರು ವಾಪಸ್ ಬರುವಾಗ ಬೇಡದವರಾದರು. ಅದೇ ಪಾರ್ಕಿನಲ್ಲಿ ಟಾಮ್ ಕೆಟಲ್ ಅವರ ಪ್ರತಿಮೆಯಿದೆ. ಕವಿ, ರಾಷ್ಟ್ರವಾದಿ, ಪಾರ್ಲಿಮೆಂಟಿನಲ್ಲಿ ಇದ್ದವರು. 1916ರ ಸೆಪ್ಟೆಂಬರ್ 9ರಂದು ಫ್ರಾನ್ಸಿನ ಗಿಂಶಿಯಲ್ಲಿ ಈ ರೆಜಿಮೆಂಟಿನ ಅಧಿಕಾರಿಯಾಗಿ ಸತ್ತರು. ಅಂಥವರೇ ಬೇಡದವರಾದಾಗ, ಹೊಟ್ಟೆಪಾಡಿಗೆ ಸೇರಿದ ಹುಡುಗನ ಗತಿ ಏನು? 1913ರಲ್ಲಿ ಮಾಲೀಕರು ಕೆಲಸಗಾರರನ್ನು ಹೊರಗಿಟ್ಟ ಲಾಕೌಟ್ ಡಬ್ಲಿನ್ನಿನ ಕೂಲಿಕಾರರನ್ನು ಹಣ್ಣು ಮಾಡಿತ್ತು. ಸೈನ್ಯ ಸೇರಿದರೆ ಹೆಂಡತಿಯ ಕೈಗೆ ವಾರ ವಾರ ಭತ್ಯೆ ಬರುತ್ತಿತ್ತು. ಐರ್ಲೆಂಡಿಗೆ ಸ್ವರಾಜ್ಯ ಸಿಗುತ್ತದೆ ಎಂದು ನಂಬಿ ಹೋದವರೂ ಇದ್ದರು, ಸುಮ್ನೆ ಗೆಳೆಯರ ಜೊತೆ ಹೋದವರೂ ಇದ್ದರು. 1922ರಲ್ಲಿ ರೆಜಿಮೆಂಟೇ ಬರಖಾಸ್ತಾಯಿತು. ಅದರ ಬಾವುಟಗಳನ್ನು ವಿಂಡ್ಸರ್ ಅರಮನೆಯಲ್ಲಿ ರಾಜನಿಗೆ ಒಪ್ಪಿಸಿದರು. ನಿಮ್ಮ ಅತ್ತೆಯ ಅಜ್ಜನ ಪದಕಗಳು ಬಿಸ್ಕತ್ ಡಬ್ಬ ಸೇರಿದವು.

ನಮ್ಮ ಕೊಡಗಿನ ಮನೆಗಳಲ್ಲಿ ಯೂನಿಫಾರ್ಮಿನ ಅಜ್ಜ ಪಡಸಾಲೆಯಲ್ಲೇ ಇರುತ್ತಾರೆ, ಅಲ್ವಾ? ಅವರಲ್ಲೂ ಎಷ್ಟೋ ಜನ ಬ್ರಿಟಿಷರ ಸೈನ್ಯದವರೇ. ಆದರೆ ಡಬ್ಲಿನ್ನಿನಲ್ಲಿ ಹಾಗಲ್ಲ. ಅಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ ಐರಿಷ್ ಸೈನಿಕರ ಸ್ಮಾರಕದ ತೋಟವನ್ನು ದೆಹಲಿಯ ಇಂಡಿಯಾ ಗೇಟ್ ರೂಪಿಸಿದ ಲುಟಿಯೆನ್ಸ್ ಅವರೇ ರೂಪಿಸಿದರು. 1930ರ ದಶಕದಲ್ಲೇ ತಯಾರಾಗಿದ್ದ ಅದು ವಿಧಿವತ್ತಾಗಿ ತೆರೆದದ್ದು 1988ರಲ್ಲಿ.

ಇನ್ನು ನಿಮ್ಮ ಪ್ರಶ್ನೆ. ಹಾಕಿ, ಆದರೆ ಅತ್ತೆಯನ್ನು ಕೇಳದೆ ಮೊಳೆ ಹೊಡೆಯಬೇಡಿ. ಆ ಡಬ್ಬವನ್ನು ಇಷ್ಟು ವರ್ಷ ಎಸೆಯದೆ ಇಟ್ಟುಕೊಂಡವರು ಅವರು. ಫೋಟೋದ ಕೆಳಗೆ ವೀರ ಅಂತ ಬರೆಯಬೇಡಿ, ಪಾಪದವ ಅಂತಲೂ ಬೇಡ. ಹೆಸರು, ನಂಬರು, ಬೆಟಾಲಿಯನ್, ಹೋದ ಊರು. ಅಷ್ಟು ಸಾಕು.

ಅದನ್ನು ಹುಡುಕುವುದು ಕಷ್ಟವಲ್ಲ. ಎರಡು ದುಂಡು ಪದಕಗಳ ಅಂಚಿನಲ್ಲಿ, ನಕ್ಷತ್ರದಂಥ ಪದಕದ ಹಿಂದೆ, ಅವರ ನಂಬರು, ಹೆಸರು ಒತ್ತಿರುತ್ತಾರೆ. ನಕ್ಷತ್ರದ ಮೇಲೆ 1914-15 ಎಂದಿದ್ದರೆ ಅವರು 1915 ಮುಗಿಯುವ ಮುಂಚೆಯೇ ರಣರಂಗ ಮುಟ್ಟಿದ್ದರು ಎಂದರ್ಥ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪದಕದ ಕಾರ್ಡುಗಳು ಉಳಿದಿವೆ. ಸೈನಿಕರ ಪೂರ್ತಿ ದಾಖಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು, ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಕಾರ್ಡಿನಲ್ಲಿ 'ಬಾಲ್ಕನ್ಸ್' ಎಂದೂ 25 ಏಪ್ರಿಲ್ 1915 ಎಂದೂ ಇದ್ದರೆ, ಸ್ವಲ್ಪ ಹೊತ್ತು ಸುಮ್ಮನೆ ಕೂತುಕೊಳ್ಳಿ. ಅವತ್ತು ತುರ್ಕಿಯ ಗಲ್ಲಿಪೋಲಿಯ ಸೆದ್ದುಲ್‌ಬಹಿರ್ ದಡಕ್ಕೆ ಮೊದಲ ಬೆಟಾಲಿಯನ್ ಮರೆಯಿಲ್ಲದ ದೋಣಿಗಳಲ್ಲಿ ಬಂತು. ತುರ್ಕರ ಗುಂಡಿಗೆ ಎಷ್ಟೋ ಜನ ದೋಣಿಯಲ್ಲೇ, ನೀರಿನಲ್ಲೇ ಸತ್ತರು. ಉಳಿದವರು ಎಷ್ಟು ಕಮ್ಮಿ ಎಂದರೆ, ಮನ್ಸ್ಟರ್ ಫ್ಯುಸಿಲಿಯರ್ಸ್ ಎಂಬ ಇನ್ನೊಂದು ಐರಿಷ್ ರೆಜಿಮೆಂಟಿನಲ್ಲಿ ಉಳಿದವರ ಜೊತೆ ಸೇರಿಸಿ ಕೆಲವು ವಾರ ಒಂದೇ ಬೆಟಾಲಿಯನ್ ಮಾಡಬೇಕಾಯಿತು. ಅದಕ್ಕೆ ಸೈನಿಕರೇ ಡಬ್ಲಿನ್, ಮನ್ಸ್ಟರ್ ಎರಡನ್ನೂ ಬೆರೆಸಿ 'ಡಬ್‌ಸ್ಟರ್ಸ್' ಎಂದು ಹೆಸರಿಟ್ಟರು.

ಒಂದು ಮಾತು ಮರೆತೆ. ಪದಕ ಕಪ್ಪಾಗಿದೆ ಅಂತ ನಮ್ಮೂರಿನ ಅಭ್ಯಾಸದಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟೀರಿ! ಅಂಚಿನ ಅಕ್ಷರ ಸವೆದುಹೋಗುತ್ತದೆ. ಮೊದಲು ಓದಿ, ಬರೆದಿಟ್ಟುಕೊಳ್ಳಿ. ನಂಬರು ಸಿಕ್ಕರೆ ನಮಗೂ ಒಂದು ಸಾಲು ಬರೆಯಿರಿ.

– ಸಂ.