ಮಾಕಿಂಗ್‌ಬರ್ಡ್ ಕಾದಂಬರಿ: ಆ ಹನ್ನೆರಡು ಕುರ್ಚಿಗಳಲ್ಲಿ ಕೂತವರು ಯಾರು?

ನಿಮ್ಮ ಪ್ರಶ್ನೆ ಇದು: ಮಗಳಿಗೆ ಒಂಬತ್ತನೇ ತರಗತಿಯಲ್ಲಿ ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಲು ಕೊಟ್ಟಿದ್ದಾರೆ. ಅದರಲ್ಲಿ ಕಲಿಯುವಂಥದ್ದು ಏನಿದೆ, ಅದರ ಹಿಂದೆ ಯಾವ ನಿಜ ಘಟನೆಗಳಿವೆ, ಅವಳ ಜೊತೆ ಕೂತು ಏನು ಮಾತಾಡಲಿ?

ನಾನು ಸಾಹಿತ್ಯದ ಮೇಷ್ಟ್ರಲ್ಲ. ತಾಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಈ ಪುಸ್ತಕವನ್ನು ನನ್ನ ಕೈಗಿಟ್ಟವರು ನನ್ನ ಸೀನಿಯರ್. ನನಗೆ ಆಗಷ್ಟೇ ಸನ್ನದು ಸಿಕ್ಕಿತ್ತು. "ಪಾಟೀ ಸವಾಲು ಹೇಗಿರಬೇಕು ಅಂತ ತಿಳ್ಕೋಬೇಕಾ? ಇದನ್ನ ಓದು" ಅಂದಿದ್ದರು. ಓದಿದೆ. ಪಾಟೀ ಸವಾಲು ತುಂಬ ಚೆನ್ನಾಗಿತ್ತು. ಆದರೆ ಕೇಸು ಸೋತಿತ್ತು. ಆಮೇಲೆ ಇನ್ನೂ ಮೂರು ಸಲ ಓದಿದ್ದೇನೆ. ಪ್ರತಿ ಸಲವೂ ಮನಸ್ಸು ನಿಲ್ಲುವುದು ಆ ಸೋಲಿನ ಹತ್ತಿರವೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಥೆ ನಡೆಯುವುದು 1930ರ ದಶಕದ ಮಧ್ಯದಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ಹೇಳುವವಳು ಸ್ಕೌಟ್ ಎಂಬ ಪುಟ್ಟ ಹುಡುಗಿ. ಅವಳ ಅಪ್ಪ ಆಟಿಕಸ್ ಫಿಂಚ್ ವಕೀಲ. ಟಾಮ್ ರಾಬಿನ್‌ಸನ್ ಎಂಬ ಕಪ್ಪು ಕೂಲಿಯವನು ಮೇಯೆಲ್ಲಾ ಯೂಎಲ್ ಎಂಬ ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಎಂಬುದು ಆರೋಪ. ಅವನ ಪರ ವಾದಿಸಲು ನ್ಯಾಯಾಧೀಶರು ಆಟಿಕಸ್‌ನನ್ನು ನೇಮಿಸುತ್ತಾರೆ.

ಮೇಯೆಲ್ಲಾಗೆ ಪೆಟ್ಟು ಬಿದ್ದಿರುವುದು ಮುಖದ ಬಲಗಡೆ. ಎದುರು ನಿಂತು ಹೊಡೆದವನು ಎಡಚ ಇರಬೇಕು, ಅಲ್ವಾ? ಆಟಿಕಸ್ ಅವಳ ಅಪ್ಪ ಬಾಬ್ ಯೂಎಲ್ ಕೈಗೆ ಪೆನ್ನು ಕೊಟ್ಟು ಹೆಸರು ಬರೆಯಲು ಹೇಳುತ್ತಾನೆ. ಅವನು ಬರೆಯುವುದು ಎಡಗೈಯಲ್ಲಿ. ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಜಿನ್ನಿಂಗ್ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ. ಹುಡುಗಿಯನ್ನು ಯಾವ ಡಾಕ್ಟರೂ ನೋಡಿಲ್ಲ. ವೈದ್ಯಕೀಯ ಸಾಕ್ಷ್ಯ ಒಂದಕ್ಷರ ಇಲ್ಲ. ಇಂಥ ಕೇಸು ನನ್ನದಾಗಿದ್ದರೆ ಹಿಂದಿನ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ.

ಆಮೇಲೆ ಟಾಮ್ ಸಾಕ್ಷಿ ಕಟಕಟೆ ಹತ್ತುತ್ತಾನೆ. ದುಡ್ಡು ತಗೊಳ್ಳದೆ ಅವಳ ಮನೆ ಕೆಲಸ ಯಾಕೆ ಮಾಡಿಕೊಡುತ್ತಿದ್ದೆ ಎಂದು ಸರಕಾರಿ ವಕೀಲ ಕೇಳುತ್ತಾನೆ. ಅವಳನ್ನು ನೋಡಿ ಪಾಪ ಅನ್ನಿಸಿತು ಎನ್ನುತ್ತಾನೆ ಟಾಮ್. ಮುಗಿಯಿತು. ಆ ಊರಿನಲ್ಲಿ ಕನಿಕರ ಬಿಳಿಯರ ಮನೆಯಿಂದ ಕಪ್ಪು ಜನರ ಗುಡಿಸಲಿಗೆ ಹೋಗಬಹುದು, ಅಲ್ಲಿಂದ ಇಲ್ಲಿಗೆ ಬರುವ ಹಾಗಿಲ್ಲ. ಸಾಕ್ಷ್ಯವೆಲ್ಲ ತನ್ನ ಕಡೆ ಇದ್ದ ಮನುಷ್ಯ ಒಂದು ಒಳ್ಳೆಯ ಮಾತಿಗೆ ಸಿಕ್ಕಿಬಿದ್ದ. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ನೋವು ಕೊಡುವ ಜಾಗ ಅದೇ. ಮಗಳ ಜೊತೆ ಆ ಪುಟವನ್ನು ನಿಧಾನವಾಗಿ ಓದಿ.

ಜ್ಯೂರಿಯ, ಅಂದರೆ ಕೇಸು ಕೇಳಲು ಕೂರಿಸಿದ ಹನ್ನೆರಡು ಸಾಮಾನ್ಯ ಜನರ, ತೀರ್ಪು ಬರುತ್ತದೆ: ಅಪರಾಧಿ. ಮುಂದೆ ಟಾಮ್ ಜೈಲಿನಿಂದ ತಪ್ಪಿಸಿಕೊಳ್ಳಲು ಬೇಲಿ ಹತ್ತುವಾಗ ಕಾವಲುಗಾರರು ಗುಂಡು ಹಾರಿಸುತ್ತಾರೆ. ಮೈಮೇಲೆ 17 ಗುಂಡಿನ ಗಾಯ.

ಸಾಮಾನ್ಯವಾಗಿ ಶಾಲೆಯಲ್ಲಿ ಹೇಳಿಕೊಡುವ ನೀತಿ ನಿಮಗೂ ಗೊತ್ತಿರಬಹುದು. ಇನ್ನೊಬ್ಬರ ಚರ್ಮದೊಳಗೆ ಹೊಕ್ಕು ನಾಲ್ಕು ಹೆಜ್ಜೆ ನಡೆದು ನೋಡದೆ ಅವರು ಅರ್ಥ ಆಗುವುದಿಲ್ಲ ಅಂತ ಆಟಿಕಸ್ ಮಗಳಿಗೆ ಹೇಳುತ್ತಾನೆ. ಒಳ್ಳೆಯ ಮಾತು. ಮಕ್ಕಳಿಗೆ ಬೇಕಾದ ಮಾತು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಪುಸ್ತಕ ಓದಿದ ಹಾಗೆ. ಆಟಿಕಸ್ ಒಳ್ಳೆಯವನು, ಜಾಣ, ಧೈರ್ಯವಂತ. ಆದರೂ ಟಾಮ್ ಸತ್ತ. ಯಾಕೆ ಎಂಬ ಪ್ರಶ್ನೆಯನ್ನು ನಿಮ್ಮ ಮಗಳು ಕೇಳಬೇಕು.

ಉತ್ತರ 23ನೇ ಅಧ್ಯಾಯದಲ್ಲಿದೆ. ಪರೀಕ್ಷೆಗೆ ಓದುವವರು ಅದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ತೀರ್ಪಿನ ನಂತರ ಸ್ಕೌಟ್‌ಳ ಅಣ್ಣ ಜೆಮ್ ಕೇಳುತ್ತಾನೆ: ನಮ್ಮಂಥವರು, ಎದುರು ಮನೆಯ ಮಿಸ್ ಮಾಡಿಯಂಥವರು ಜ್ಯೂರಿಯಲ್ಲಿ ಯಾಕೆ ಕೂರುವುದಿಲ್ಲ? ಆಟಿಕಸ್ ಹೇಳುತ್ತಾನೆ: ಮಿಸ್ ಮಾಡಿ ಹೆಂಗಸು, ಹಾಗಾಗಿ ಕೂರುವ ಹಾಗಿಲ್ಲ. ಪಟ್ಟಣದ ದೊಡ್ಡ ಮನುಷ್ಯರಿಗೆ ಆಸಕ್ತಿ ಇಲ್ಲ, ಹೆದರಿಕೆ ಬೇರೆ. ಕಪ್ಪು ಜನರ ಮಾತೇ ಬರುವುದಿಲ್ಲ, ಅವರು ಕೂರುವುದನ್ನು ಆ ಊರು ಕನಸಿನಲ್ಲೂ ಯೋಚಿಸಿಲ್ಲ. ನಮ್ಮ ದೇಶದಲ್ಲೂ ಒಂದು ಕಾಲಕ್ಕೆ ಜ್ಯೂರಿ ಇತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗ ಪೂರ್ತಿ ಹೋಯಿತು. ಅದಕ್ಕೇ ನಮ್ಮ ಓದುಗರಿಗೆ ಇದು ಸಣ್ಣ ವಿಷಯ ಅನ್ನಿಸುತ್ತದೆ. ಅಲ್ಲಿ ಅದು ಸಣ್ಣದಲ್ಲ. ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಹೇಳುವುದು ಜಡ್ಜ್ ಅಲ್ಲ, ಆ ಹನ್ನೆರಡು ಜನ. ಆ ಕುರ್ಚಿಗಳನ್ನು ಯಾರು ತುಂಬುತ್ತಾರೋ ಕೇಸು ಅವರ ಕೈಯಲ್ಲಿ.

ಈಗ ಇತಿಹಾಸಕ್ಕೆ ಬರೋಣ. 1931ರ ಮಾರ್ಚ್ 25ರಂದು ಅಲಬಾಮಾದಲ್ಲಿ ಒಂದು ಗೂಡ್ಸ್ ರೈಲನ್ನು ಪೇಂಟ್ ರಾಕ್ ಎಂಬಲ್ಲಿ ನಿಲ್ಲಿಸಿ ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿ ಹೆಂಗಸರು ಅತ್ಯಾಚಾರದ ದೂರು ಕೊಟ್ಟರು. ಸುಮಾರು ಎರಡು ವಾರದಲ್ಲಿ ಸ್ಕಾಟ್ಸ್‌ಬರೋ ಊರಿನಲ್ಲಿ ವಿಚಾರಣೆ ಶುರುವಾಗಿ ಮುಗಿದೂ ಹೋಯಿತು. ಹುಡುಗರ ಪರ ನಿಂತವರಲ್ಲಿ ಒಬ್ಬರು ಜಮೀನು, ಆಸ್ತಿ ವ್ಯವಹಾರ ನೋಡುವ ವಕೀಲರು. ಇನ್ನೊಬ್ಬರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಒಂಬತ್ತರಲ್ಲಿ ಎಂಟು ಮಂದಿಗೆ ಮರಣದಂಡನೆ.

1932ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪುಗಳನ್ನು ರದ್ದು ಮಾಡಿತು. ಜೀವ ಹೋಗುವಂಥ ಕೇಸಿನಲ್ಲಿ ಸರಿಯಾದ ವಕೀಲರ ನೆರವು ಸಿಗಲೇಬೇಕು ಎಂದಿತು. ಮತ್ತೆ ವಿಚಾರಣೆ. 1933ರಲ್ಲಿ ಇಬ್ಬರು ಹೆಂಗಸರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಕೋರ್ಟಿಗೆ ಬಂದು ಅತ್ಯಾಚಾರ ನಡೆಯಲೇ ಇಲ್ಲ ಎಂದಳು. ಆದರೂ ಬಿಳಿಯರಷ್ಟೇ ಇದ್ದ ಜ್ಯೂರಿ ಅಪರಾಧಿ ಎಂದಿತು! ಜೇಮ್ಸ್ ಹಾರ್ಟನ್ ಎಂಬ ಜಡ್ಜ್ ಆ ತೀರ್ಪನ್ನು ತಾವೇ ತಳ್ಳಿಹಾಕಿದರು. ಅಲ್ಲಿ ಜಡ್ಜ್‌ಗಳನ್ನೂ ಜನ ಮತ ಹಾಕಿ ಆರಿಸುತ್ತಾರೆ; ಮರುವರ್ಷ ಆ ಚುನಾವಣೆಯಲ್ಲಿ ಸೋತು ಹುದ್ದೆ ಕಳಕೊಂಡರು.

ನನ್ನಂಥ ವಕೀಲರು ಮರೆಯಬಾರದ ಭಾಗ 1935ರದ್ದು. ಹುಡುಗರ ವಕೀಲ ಸ್ಯಾಮ್ಯುಯೆಲ್ ಲೀಬೊವಿಟ್ಜ್ ಜ್ಯೂರಿ ಪಟ್ಟಿಯನ್ನೇ ಸುಪ್ರೀಂ ಕೋರ್ಟಿಗೆ ತಂದರು. ಪಟ್ಟಿಯಲ್ಲಿ ಕಪ್ಪು ಜನರ ಹೆಸರೂ ಇದೆ ಎಂದು ತೋರಿಸಲು ಕೆಲವು ಹೆಸರುಗಳನ್ನು ಆಮೇಲೆ ತುರುಕಲಾಗಿತ್ತು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ನೋಡಿದರು. ಕಪ್ಪು ಜನರನ್ನು ಜ್ಯೂರಿಯಿಂದ ಬೇಕೆಂದೇ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಬಂತು. ಹಾಗಂತ ಹುಡುಗರೇನೂ ಬಿಡುಗಡೆ ಆಗಲಿಲ್ಲ. ಕೊನೆಯವನು ಜೈಲಿನಿಂದ ಹೊರಬಂದದ್ದು 1950ರಲ್ಲಿ. ಅವನೂ ಸೇರಿ ಉಳಿದ ಮೂವರ ಹೆಸರಿನ ಕಳಂಕವನ್ನು ಅಲಬಾಮಾ ತೊಳೆದದ್ದು 2013ರಲ್ಲಿ, ಅವರೆಲ್ಲ ಸತ್ತು ಎಷ್ಟೋ ವರ್ಷಗಳಾದ ಮೇಲೆ.

ಕಾದಂಬರಿ ಈ ಕೇಸಿನ ನಕಲಲ್ಲ. ಹಾರ್ಪರ್ ಲೀ ಅವರ ಸ್ವಂತ ಊರು ಮನ್ರೋವಿಲ್‌ನಲ್ಲೂ ಇಂಥದ್ದು ನಡೆದಿತ್ತು. ಅಲ್ಲಿ 1933ರಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ಮನುಷ್ಯನ ಮೇಲೆ ಇದೇ ಆರೋಪ ಬಂತು. ಮರಣದಂಡನೆ ಆಯಿತು. ಊರಿನ ಕೆಲವು ಬಿಳಿಯರೇ ಅರ್ಜಿ ಹಾಕಿದ ಮೇಲೆ ಅದು ಜೀವಾವಧಿಗೆ ಇಳಿಯಿತು. ಅಷ್ಟರಲ್ಲಿ ಅವನ ಮನಸ್ಸು ಒಡೆದುಹೋಗಿತ್ತು. 1937ರಲ್ಲಿ ಕ್ಷಯದಿಂದ ಸತ್ತ. ಕೇಸು ಶುರುವಾದಾಗ ಲೀ ಅವರಿಗೆ ಏಳು ವರ್ಷ, ಹೆಚ್ಚು ಕಡಿಮೆ ಸ್ಕೌಟ್‌ಳ ವಯಸ್ಸು. ಅವರ ಅಪ್ಪ ಎ. ಸಿ. ಲೀ ವಕೀಲರು, ಊರಿನ ಪತ್ರಿಕೆಯ ಸಂಪಾದಕರು ಕೂಡ. ಮಗಳು ಹುಟ್ಟುವ ಮೊದಲೇ, 1919ರಲ್ಲಿ, ಅವರು ಕೊಲೆ ಆರೋಪದ ಮೇಲಿದ್ದ ಇಬ್ಬರು ಕಪ್ಪು ಮನುಷ್ಯರ ಪರ ವಾದಿಸಿದ್ದರು. ಇಬ್ಬರನ್ನೂ ಗಲ್ಲಿಗೇರಿಸಿದರು. ಆಟಿಕಸ್ ಅಷ್ಟು ನಿಜ ಅನ್ನಿಸುವುದು ಸುಮ್ನೆ ಅಲ್ಲ.

ಇನ್ನೊಂದು ಕಾಲವೂ ಪುಸ್ತಕದೊಳಗಿದೆ, ಅದನ್ನು ಬರೆದ ಕಾಲ. 1955ರ ಆಗಸ್ಟ್‌ನಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಇಬ್ಬರು ಬಿಳಿಯರು ಕೊಂದರು. ಹನ್ನೆರಡು ಬಿಳಿ ಗಂಡಸರ ಜ್ಯೂರಿ ಒಂದು ಗಂಟೆ ಚಿಲ್ಲರೆಯಲ್ಲಿ ಅವರನ್ನು ಬಿಟ್ಟಿತು. ಕೆಲವೇ ತಿಂಗಳಲ್ಲಿ ಅವರಿಬ್ಬರೂ ಒಂದು ಪತ್ರಿಕೆಗೆ ತಾವೇ ಕೊಂದದ್ದು ಎಂದು ಹೇಳಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಬಸ್ಸಿನಲ್ಲಿ ಬಿಳಿಯರಿಗೆ, ಕಪ್ಪು ಜನರಿಗೆ ಬೇರೆ ಬೇರೆ ಸೀಟು ಎಂಬ ನಿಯಮದ ವಿರುದ್ಧ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರು. 381 ದಿನ ನಡೆದು ಓಡಾಡಿ, 1956ರ ಡಿಸೆಂಬರ್‌ನಲ್ಲಿ ಗೆದ್ದರು. ಅದೇ ತಿಂಗಳ ಕ್ರಿಸ್‌ಮಸ್‌ಗೆ ನ್ಯೂಯಾರ್ಕಿನಲ್ಲಿ ಲೀ ಅವರ ಸ್ನೇಹಿತರು ಒಂದು ವರ್ಷದ ಸಂಬಳದಷ್ಟು ದುಡ್ಡು ಕೊಟ್ಟು, ಕೆಲಸ ಬಿಟ್ಟು ಬರೆಯಲು ಹೇಳಿದರು. ಪುಸ್ತಕ 1960ರಲ್ಲಿ ಬಂತು, 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅಂದರೆ ಮೊದಲ ಓದುಗರಿಗೆ ಇದು ಹಳೆಯ ಕಥೆಯಾಗಿರಲಿಲ್ಲ, ಬೆಳಗಿನ ಪೇಪರಿನಲ್ಲಿ ಓದಿದ್ದೇ ಆಗಿತ್ತು.

ನೀತಿಯ ವಿಷಯಕ್ಕೆ ಮರಳಿದರೆ, ಎರಡು ಜಾಗ ನನಗೆ ಇಷ್ಟ. ಒಂದು, ಮಿಸೆಸ್ ಡುಬೋಸ್ ಎಂಬ ಸಿಡುಕಿ ಮುದುಕಿಯದ್ದು. ಸಾಯುವ ಮೊದಲು ಮಾರ್ಫಿನ್ ಚಟದಿಂದ ಹೊರಬರಬೇಕು ಎಂದು ಹಠ ಹಿಡಿದು ಗೆಲ್ಲುತ್ತಾಳೆ. ಬಾಯಿ ತೆರೆದರೆ ಕಪ್ಪು ಜನರ ಬಗ್ಗೆ ಹೊಲಸು ಮಾತು. ಆದರೂ ಆಟಿಕಸ್ ಅವಳನ್ನು ಧೈರ್ಯಸ್ಥೆ ಎನ್ನುತ್ತಾನೆ. ಒಬ್ಬ ಮನುಷ್ಯನಲ್ಲಿ ಎರಡೂ ಇರಬಹುದು ಎಂದು ಮಕ್ಕಳಿಗೆ ತಿಳಿಯುವುದು ಒಳ್ಳೆಯದು. ಇನ್ನೊಂದು, ಮಿಸ್ ಗೇಟ್ಸ್ ಎಂಬ ಟೀಚರದ್ದು. ಹಿಟ್ಲರ್ ಯಹೂದಿಗಳಿಗೆ ಮಾಡುತ್ತಿರುವುದು ತಪ್ಪು, ನಾವು ಹಾಗೆ ಯಾರನ್ನೂ ಹಿಂಸಿಸುವುದಿಲ್ಲ ಎಂದು ತರಗತಿಯಲ್ಲಿ ಪಾಠ ಮಾಡುತ್ತಾಳೆ. ಅದೇ ಟೀಚರ್ ಕೋರ್ಟಿನ ಮೆಟ್ಟಿಲ ಮೇಲೆ, ಕಪ್ಪು ಜನ ತುಂಬ ಮೇಲೇರುತ್ತಿದ್ದಾರೆ, ಬುದ್ಧಿ ಕಲಿಸಬೇಕು ಎಂದದ್ದನ್ನು ಸ್ಕೌಟ್ ಕೇಳಿಸಿಕೊಂಡಿದ್ದಾಳೆ. ದೂರದ ಅನ್ಯಾಯ ಕಣ್ಣಿಗೆ ಬೀಳುತ್ತದೆ, ಮನೆ ಬಾಗಿಲಿನದ್ದು ಬೀಳುವುದಿಲ್ಲ. ಈ ಜಾಗ ಓದಿದ ಮೇಲೆ ನಮ್ಮ ಬೀದಿಯ ಬಗ್ಗೆ ಮಗಳು ಏನಾದರೂ ಕೇಳಿದರೆ ದಯವಿಟ್ಟು ಮಾತು ಮರೆಸಬೇಡಿ.

ಪುಸ್ತಕದ ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ಮಾಕಿಂಗ್‌ಬರ್ಡ್ ಬೇರೆ ಹಕ್ಕಿಗಳ ದನಿಯನ್ನೂ ಎತ್ತಿಕೊಂಡು ಹಾಡುವ ಹಕ್ಕಿ. ಯಾರಿಗೂ ತೊಂದರೆ ಕೊಡದ ಅದನ್ನು ಕೊಲ್ಲುವುದು ಪಾಪ ಎನ್ನುತ್ತದೆ ಕಾದಂಬರಿ. ಟಾಮ್‌ನನ್ನೂ ಹಾಗೇ ನೋಡುತ್ತದೆ. ಆದರೆ ಟಾಮ್ ಹಕ್ಕಿಯಲ್ಲ. ಹೆಲೆನ್ ಎಂಬ ಹೆಂಡತಿ, ಮೂವರು ಮಕ್ಕಳು ಇರುವ ದುಡಿಯುವ ಮನುಷ್ಯ. ಅವನ ಮನೆಯೊಳಗೆ, ಮನಸ್ಸಿನೊಳಗೆ ಪುಸ್ತಕ ಹೆಚ್ಚು ಹೋಗುವುದೇ ಇಲ್ಲ. ಕಪ್ಪು ಓದುಗರು ಬಹಳ ಕಾಲದಿಂದ ಈ ಮಾತು ಹೇಳುತ್ತಿದ್ದಾರೆ, ಅದು ನ್ಯಾಯವಾದದ್ದೇ. ಮತ್ತೆ, ನನ್ನ ಕಕ್ಷಿದಾರರೆಲ್ಲ ಹಕ್ಕಿಯಷ್ಟು ಮುಗ್ಧರಲ್ಲ. ಅವರಿಗೂ ನೆಟ್ಟಗಿನ ವಿಚಾರಣೆ ಬೇಕು. ಪಾಪದವನು ಎಂಬ ಕಾರಣಕ್ಕಷ್ಟೇ ನ್ಯಾಯ ಕೊಟ್ಟರೆ ಅದು ದಾನವಾಗುತ್ತದೆ.

ಒಂದು ಎಚ್ಚರಿಕೆ. ಕಪ್ಪು ಜನರನ್ನು ಬೈಯುವ ಒಂದು ಕೆಟ್ಟ ಪದ ಪುಸ್ತಕದ ತುಂಬ ಬರುತ್ತದೆ. ಅದನ್ನು ಯಾಕೆ ಬಾಯಲ್ಲಿ ಆಡಬಾರದು ಎಂದು ಮಗಳಿಗೆ ಮೊದಲೇ ಹೇಳಿಬಿಡಿ.

ಮನ್ರೋವಿಲ್‌ನ ಹಳೆಯ ಕೋರ್ಟು ಈಗ ಮ್ಯೂಸಿಯಂ. ಅಲ್ಲಿ ಈ ಕಾದಂಬರಿಯ ನಾಟಕ ಆಡುತ್ತಾರೆ. ಅದೇ ಊರಿನ ಸುತ್ತಮುತ್ತ 1987ರಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಕೊಲೆ ಆರೋಪದಲ್ಲಿ ಹಿಡಿದರು. ಕೊಲೆಯ ಹೊತ್ತಿನಲ್ಲಿ ಅವರು ಮನೆಯ ಹತ್ತಿರವೇ ಇದ್ದರು, ನೋಡಿದವರು ಬಹಳ ಜನ. ಆದರೂ ವಿಚಾರಣೆಗೆ ಮೊದಲೇ ಮರಣದಂಡನೆ ಕೈದಿಗಳ ಜೈಲಿಗೆ ಹಾಕಿದರು. 1988ರ ವಿಚಾರಣೆಯನ್ನು ಬಿಳಿಯರೇ ಜಾಸ್ತಿ ಇರುವ ಪಕ್ಕದ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಸಾಗಿಸಿದರು. ಜ್ಯೂರಿಯಲ್ಲಿ ಹನ್ನೊಂದು ಬಿಳಿಯರು, ಒಬ್ಬರೇ ಕಪ್ಪು ವ್ಯಕ್ತಿ. ಅಂಥ ಜ್ಯೂರಿ ಕೂಡ ಜೀವಾವಧಿ ಸಾಕು ಎಂದಿತ್ತು. ಜಡ್ಜ್ ಅದನ್ನು ಬದಿಗಿಟ್ಟು ಮರಣದಂಡನೆ ಕೊಟ್ಟರು. ಬ್ರಯನ್ ಸ್ಟೀವನ್‌ಸನ್ ಎಂಬ ವಕೀಲರು ಹೋರಾಡಿ 1993ರಲ್ಲಿ ಅವರನ್ನು ಬಿಡಿಸಿದರು.

ಮಗಳು ಕಾದಂಬರಿ ಮುಗಿಸಿದ ದಿನ 23ನೇ ಅಧ್ಯಾಯವನ್ನು ಅವಳಿಂದ ಇನ್ನೊಂದು ಸಲ ಜೋರಾಗಿ ಓದಿಸಿ. ಆಮೇಲೆ ಅವಳಿಗೆ ಮೆಕ್‌ಮಿಲಿಯನ್ ಕಥೆ ಹೇಳಿ. ಅವಳು ಏನು ಕೇಳಿದಳು ಅಂತ ಇಲ್ಲಿ ಬರೆದರೆ ಖಂಡಿತ ಓದುತ್ತೇನೆ.